ರಾಜ್ಯದೊಳಗೇ ಊರು ಬದಲಿಸುವಾಗ: ಮಹಾರಾಷ್ಟ್ರದ ಕನ್ನಡ ಮಾಧ್ಯಮ ಪಾಲಕರಿಗೆ ಒಂದು ಕೈಪಿಡಿ

ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಹಾಗೂ ಗಡಹಿಂಗ್ಲಜ ತಾಲೂಕುಗಳ ಕನ್ನಡ ಕುಟುಂಬಗಳು ಊರು ಬಿಡುವ ಕಾಲ ಸಾಮಾನ್ಯವಾಗಿ ಬೇಸಿಗೆ ರಜೆ. ವಾರ್ಷಿಕ ಪರೀಕ್ಷೆ ಮುಗಿದು ಜೂನ್ ಮಧ್ಯದಲ್ಲಿ ಶಾಲೆ ಮತ್ತೆ ತೆರೆಯುವುದರೊಳಗೆ ಕೆಲಸ ಗೊತ್ತಾಗುತ್ತದೆ, ಬಾಡಿಗೆ ಮನೆ ಹಿಡಿಯಲಾಗುತ್ತದೆ, ಸಾಮಾನು ಸಾಗುತ್ತದೆ. ಮಕ್ಕಳ ಶಾಲೆಯ ವಿಚಾರ ಕೊನೆಗೆ ಉಳಿಯುತ್ತದೆ. ಹೊಸ ಊರಿನಲ್ಲಿ ಮನೆಯ ಮುಂಗಡ ಹಣ ಕೊಟ್ಟ ಮೇಲೆ, ಆ ಭಾಗದಲ್ಲಿ ಕನ್ನಡ ಮಾಧ್ಯಮದ ಶಾಲೆಯೇ ಇಲ್ಲವೆಂದು ತಿಳಿದು, ಮಗುವನ್ನು ಸಮೀಪದ ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಸೇರಿಸುವುದು ಅನಿವಾರ್ಯವಾಗುತ್ತದೆ. ಹೀಗೆ ಮಾಧ್ಯಮ ಬದಲಾದ ಮನೆಗಳಲ್ಲಿ ಅನೇಕವು ಅದನ್ನು ಯೋಚಿಸಿ ನಿರ್ಧರಿಸಿದವುಗಳಲ್ಲ. ಮನೆ ಹಿಡಿದ ಓಣಿಯೇ ಅವರ ಪರವಾಗಿ ನಿರ್ಧರಿಸಿಬಿಟ್ಟಿರುತ್ತದೆ.

ಆದುದರಿಂದ ಈ ಲೇಖನದಲ್ಲಿ ನಾವು ಒಂದೇ ಕ್ರಮವನ್ನು ಸೂಚಿಸುತ್ತೇವೆ. ಮೊದಲು ಮಗುವಿನ ತರಗತಿ, ಅನಂತರ ಆ ತರಗತಿಯುಳ್ಳ ಶಾಲೆ, ಅದರ ಸುತ್ತ ಮನೆ, ಕೊನೆಗೆ ಊರಿನ ಉಳಿದ ಅನುಕೂಲ ಅನನುಕೂಲಗಳು. ಇಲ್ಲಿಯ ವಿವರಗಳು ಮಹಾರಾಷ್ಟ್ರಕ್ಕೆ ಸಂಬಂಧಿಸಿದವು. ಆದರೂ ವಿಚಾರಣೆಯ ಕ್ರಮ ಇತರ ಗಡಿ ಜಿಲ್ಲೆಗಳ ಪಾಲಕರಿಗೂ ಉಪಯೋಗಕ್ಕೆ ಬರಬಹುದು.

ರಾಜ್ಯದೊಳಗೇ ಉಳಿಯುವುದರಿಂದ ಏನು ಉಳಿಯುತ್ತದೆ

ಜತ್ತದವರಿಗೆ ತಮ್ಮ ಜಿಲ್ಲಾ ಕೇಂದ್ರವಾದ ಸಾಂಗಲಿಗಿಂತ ವಿಜಯಪುರವೇ ಹತ್ತಿರ. ಕನ್ನಡ ಶಾಲೆಗಾಗಿಯೇ ಆದರೆ ಗಡಿ ದಾಟಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ದಾಟುವವರು ದಾಟಲಿ, ಆದರೆ ಲೆಕ್ಕವನ್ನು ಪೂರ್ತಿಯಾಗಿ ಹಾಕಬೇಕು. ಭಾಷೆ ಒಂದೇ ಆದರೂ ಪಠ್ಯಪುಸ್ತಕ ಬೇರೆ, ಪರೀಕ್ಷಾ ಮಂಡಳಿ ಬೇರೆ. ಜಾತಿ ಪ್ರಮಾಣಪತ್ರದ ಮೂಲಕ ಸ್ವಂತ ರಾಜ್ಯದಲ್ಲಿ ದೊರೆಯುವ ಮೀಸಲಾತಿಯ ಅನುಕೂಲ ಮತ್ತೊಂದು ರಾಜ್ಯದಲ್ಲಿ ತಾನಾಗಿ ದೊರೆಯುವುದಿಲ್ಲ. ಮಹಾರಾಷ್ಟ್ರದ ವೃತ್ತಿಶಿಕ್ಷಣ ಪ್ರವೇಶದಲ್ಲಿ 10 ಹಾಗೂ 12ನೆಯ ತರಗತಿಗಳನ್ನು ರಾಜ್ಯದೊಳಗೆ ಓದಿರುವುದಕ್ಕೆ ಮಹತ್ವವಿದೆ.

ರಾಜ್ಯದೊಳಗೇ ಊರು ಬದಲಿಸಿದರೆ ಇವೆಲ್ಲ ಇದ್ದಂತೆಯೇ ಇರುತ್ತವೆ. ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಹೊರತರುತ್ತದೆ. ಅಕ್ಕಲಕೋಟೆಯ ಮಗು ಓದುವ ಪುಸ್ತಕವನ್ನೇ ಮುಂಬಯಿಯ ಕನ್ನಡ ಮಾಧ್ಯಮದ ಮಗುವೂ ಓದುತ್ತದೆ. ಸೊಲ್ಲಾಪುರ ಜಿಲ್ಲೆ ಪುಣೆ ವಿಭಾಗೀಯ ಮಂಡಳಿಗೂ, ಸಾಂಗಲಿ ಮತ್ತು ಕೊಲ್ಲಾಪುರ ಜಿಲ್ಲೆಗಳು ಕೊಲ್ಲಾಪುರ ವಿಭಾಗೀಯ ಮಂಡಳಿಗೂ ಸೇರಿವೆ. ವಿಭಾಗ ಬದಲಾದರೂ ಪಠ್ಯಕ್ರಮ ಬದಲಾಗುವುದಿಲ್ಲ. ಎಲ್ಲ ಮಾಧ್ಯಮದ ಶಾಲೆಗಳಲ್ಲಿ ಮರಾಠಿ ಕಲಿಕೆಯನ್ನು 2020ರ ಕಾಯ್ದೆ ಕಡ್ಡಾಯಗೊಳಿಸಿರುವುದರಿಂದ, ನಮ್ಮ ಮಕ್ಕಳಿಗೆ ರಾಜ್ಯದ ಯಾವ ಊರಿನಲ್ಲಿಯೂ ಬೀದಿಯ ಭಾಷೆ ತೀರ ಹೊಸದಾಗುವುದಿಲ್ಲ.

ಇಲ್ಲಿಯೇ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ವೃತ್ತಿಶಿಕ್ಷಣಕ್ಕೆ ಹೋಗಬಯಸುವ ಹೊರರಾಜ್ಯದ ಕನ್ನಡಿಗರಿಗೆ ‘ಗಡಿನಾಡು ಕನ್ನಡಿಗ’ ಮತ್ತು ‘ಹೊರನಾಡು ಕನ್ನಡಿಗ’ ಎಂಬ ಪ್ರತ್ಯೇಕ ಅರ್ಹತಾ ನಿಯಮಗಳಿವೆ. ಗಡಿನಾಡಿನ ನಿಯಮವು ನಿರ್ದಿಷ್ಟ ತಾಲೂಕುಗಳಿಗೆ ಅಂಟಿಕೊಂಡಿದೆ. ಜತ್ತದಿಂದ ಪುಣೆಗೆ ಹೋದ ಕುಟುಂಬ ಈ ಪಟ್ಟಿಯ ಹೊರಗೆ ನೆಲಸಿದಂತಾಗುತ್ತದೆ. ಮಗು ಮೇಲಿನ ತರಗತಿಗಳಲ್ಲಿದ್ದರೆ ಊರು ಬಿಡುವ ಮೊದಲು ಆ ವರ್ಷದ ಪ್ರವೇಶ ಕೈಪಿಡಿಯನ್ನು ಓದಬೇಕು. ಈವರೆಗೆ ಓದಿದ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರವನ್ನು ಪಡೆದಿಟ್ಟುಕೊಳ್ಳಬೇಕು.

ಮಗು ಯಾವ ತರಗತಿಯಲ್ಲಿದೆ

ಶಾಲೆ ಬದಲಿಸಲು ಎಲ್ಲ ವರ್ಷಗಳೂ ಸಮಾನವಲ್ಲ. ಜಿಲ್ಲಾ ಪರಿಷತ್ತಿನ ಅನೇಕ ಶಾಲೆಗಳು 4ನೆಯ ಅಥವಾ 7ನೆಯ ತರಗತಿಗೆ ಮುಗಿಯುತ್ತವೆ. ಅಲ್ಲಿ ಹೇಗೂ ಶಾಲೆ ಬದಲಾಗಲೇಬೇಕು, ಸಹಪಾಠಿಗಳೂ ಚದುರುತ್ತಾರೆ. ಊರು ಬದಲಿಸುವುದಿದ್ದರೆ ಆ ಸಂಧಿಗಳೇ ಅನುಕೂಲ.

1ರಿಂದ 4ರವರೆಗಿನ ಮಕ್ಕಳು ಹೊಸ ಶಾಲೆಗೆ ಬೇಗ ಒಗ್ಗುತ್ತಾರೆ. ಆದರೆ ಓದುಬರಹ ಗಟ್ಟಿಯಾಗುವುದು ಇದೇ ವಯಸ್ಸಿನಲ್ಲಿ ಆದುದರಿಂದ ಮಾಧ್ಯಮ ತಪ್ಪಿದರೆ ಕನ್ನಡ ಅಕ್ಷರವೂ ಕೈತಪ್ಪುವ ಸಂಭವ ಹೆಚ್ಚು. 5ರಿಂದ 7ರವರೆಗಿನ ಮಕ್ಕಳಿಗೆ ಕನ್ನಡ ಕೈಗೆ ಹತ್ತಿರುತ್ತದೆ. ಗಣಿತ ಮತ್ತು ವಿಜ್ಞಾನದ ಪರಿಭಾಷೆ ಈಗಷ್ಟೇ ಬೆಳೆಯುತ್ತಿರುತ್ತದೆ. 8ನೆಯ ತರಗತಿ ಬದಲಾವಣೆಗೆ ಕೊನೆಯ ಸುರಕ್ಷಿತ ಘಟ್ಟವೆಂದು ನಾವು ಭಾವಿಸುತ್ತೇವೆ. 9 ಮತ್ತು 10ರಲ್ಲಿ ಮಾಧ್ಯಮವನ್ನು ಬದಲಿಸುವುದು ಮಗುವಿನ ಮೇಲೆ ದೊಡ್ಡ ಭಾರ ಹೇರಿದಂತೆ. ಗುಣಾಕಾರ, ಭಿನ್ನರಾಶಿ, ದ್ಯುತಿಸಂಶ್ಲೇಷಣೆ ಎಂದು ಕಲಿತ ವಿದ್ಯಾರ್ಥಿ ಅದೇ ವಿಷಯಗಳನ್ನು ಬೇರೆ ಹೆಸರುಗಳಲ್ಲಿ ಮತ್ತೆ ಕಲಿತು ಮಂಡಳಿಯ ಪರೀಕ್ಷೆ ಬರೆಯಬೇಕಾಗುತ್ತದೆ.

10ರ ನಂತರ ಸ್ಥಿತಿ ಬೇರೆ. ಜ್ಯೂನಿಯರ್ ಕಾಲೇಜಿನ ವಿಜ್ಞಾನ ಶಾಖೆಯಲ್ಲಿ ಕಲಿಕೆ ಇಂಗ್ಲಿಷಿಗೆ ತಿರುಗುತ್ತದೆ. 2025-26ರಿಂದ 11ನೆಯ ತರಗತಿಯ ಪ್ರವೇಶ ರಾಜ್ಯಾದ್ಯಂತ ಕೇಂದ್ರೀಕೃತ ಆನ್‌ಲೈನ್ ಪದ್ಧತಿಯಲ್ಲಿ ನಡೆಯುತ್ತಿರುವುದರಿಂದ ಊರು ಬದಲಿಸಲು ಈ ಘಟ್ಟವೂ ಅನುಕೂಲವಾಗಿದೆ.

ಊರುಗಳ ಪರಿಚಯ

ತಾಲೂಕು ಕೇಂದ್ರಗಳು. ಊರು ಬಿಡುವುದೆಂದರೆ ದೂರದ ಮಹಾನಗರಕ್ಕೇ ಹೋಗಬೇಕೆಂದಿಲ್ಲ. ಹಳ್ಳಿಯಲ್ಲಿ ಪ್ರೌಢಶಾಲೆ ಇಲ್ಲದಿರುವುದೇ ಕಾರಣವಾಗಿದ್ದರೆ ಅಕ್ಕಲಕೋಟೆ, ಜತ್ತ ಪಟ್ಟಣಗಳನ್ನು ಮೊದಲು ನೋಡಬೇಕು. ಅಕ್ಕಲಕೋಟೆ ತಾಲೂಕಿನ ದುಧನಿ, ಮೈಂದರ್ಗಿ ಸಹ ನಗರಪರಿಷತ್ತುಳ್ಳ ಪಟ್ಟಣಗಳು. ಹೊಲ ಕಣ್ಣಳತೆಯಲ್ಲಿರುತ್ತದೆ, ಅಜ್ಜ ಅಜ್ಜಿಯರು ಬಂದುಹೋಗಬಹುದು, ಅಂಗಡಿಯಲ್ಲೂ ಗುಡಿಯಲ್ಲೂ ಕನ್ನಡ ನಡೆಯುತ್ತದೆ. ಎಸ್.ಟಿ. ಬಸ್ಸಿನಲ್ಲಿ ಗ್ರಾಮೀಣ ವಿದ್ಯಾರ್ಥಿನಿಯರಿಗೆ ಶಾಲೆಗೆ ಹೋಗಿಬರಲು ಉಚಿತ ಪಾಸಿನ ಯೋಜನೆಯಿದೆ. ಬಸ್ಸಿನ ವೇಳೆ ಶಾಲೆಗೆ ಹೊಂದುವುದಾದರೆ ಹಳ್ಳಿಯ ಮನೆಯನ್ನು ಬಿಡುವ ಅಗತ್ಯವೇ ಬೀಳದೆ ಇರಬಹುದು.

ಸೊಲ್ಲಾಪುರ. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಬೀದಿಯಲ್ಲಿ ಕೇಳುವ ನಗರ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಸುತ್ತಣ ಕನ್ನಡ ಹಳ್ಳಿಗಳು ಸೇರುವುದನ್ನು ಬಲ್ಲವರಿಗೆ ಈ ಊರು ಪರಕೀಯವೆನಿಸದು. ಅಕ್ಕಲಕೋಟೆ ಸುಮಾರು 40 ಕಿ.ಮೀ., ವಿಜಯಪುರ ಸುಮಾರು 100 ಕಿ.ಮೀ. ದೂರ. ಹೊಟಗಿಯ ಮೂಲಕ ಎರಡೂ ದಿಕ್ಕಿಗೆ ರೈಲುಮಾರ್ಗವಿದೆ. ಚಾದರ, ಟವೆಲ್, ಸಿದ್ಧ ಉಡುಪು, ಶಾಲಾ ಸಮವಸ್ತ್ರಗಳ ಉದ್ಯಮ ಇಲ್ಲಿಯ ಮುಖ್ಯ ಆಸರೆ. ಜಿಲ್ಲೆಗೆಂದೇ 2004ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವಿದೆ. ಪುಣೆಯಷ್ಟು ಸಂಬಳ ಇಲ್ಲಿ ದೊರೆಯದು; ಜೀವನ ವೆಚ್ಚವೂ ಅಷ್ಟಿಲ್ಲ. ನೀರಿನ ವಿಚಾರವನ್ನು ಮಾತ್ರ ಮರೆಯಬಾರದು. ಉಜನಿ ಜಲಾಶಯವನ್ನು ನೆಚ್ಚಿರುವ ಈ ನಗರ ಕೆಲವು ದಿನಗಳಿಗೊಮ್ಮೆ ನಲ್ಲಿ ನೀರು ಬರುವ ಪದ್ಧತಿಯನ್ನು ಬಹುಕಾಲ ಕಂಡಿದೆ. ಮನೆ ನೋಡುವಾಗ ಕೋಣೆಗಳನ್ನು ಎಣಿಸುವ ಮೊದಲು ನೀರಿನ ತೊಟ್ಟಿಯ ಅಳತೆಯನ್ನು ನೋಡಬೇಕು.

ಸಾಂಗಲಿ ಮತ್ತು ಮಿರಜ. ಕುಪವಾಡವೂ ಸೇರಿ ಒಂದೇ ಮಹಾನಗರಪಾಲಿಕೆಯ ಕೆಳಗಿರುವ ಅವಳಿ ನಗರಗಳು. ಮಿರಜ ರೈಲ್ವೆ ಜಂಕ್ಷನ್; ಆಸ್ಪತ್ರೆಗಳಿಗೆ ಹೆಸರಾದ ಊರು. ಸಾಂಗಲಿ ಅರಿಸಿನದ ದೊಡ್ಡ ಪೇಟೆ. ಬೆಳಗಾವಿ, ವಿಜಯಪುರ ಜಿಲ್ಲೆಗಳಿಂದ ಚಿಕಿತ್ಸೆಗೂ ವ್ಯಾಪಾರಕ್ಕೂ ಬರುವವರಿಂದಾಗಿ ಮಿರಜದಲ್ಲಿ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಆದರೆ ಜತ್ತ ತಾಲೂಕಿನ ಪೂರ್ವಭಾಗದ ಹಳ್ಳಿಗಳಲ್ಲಿರುವಂತೆ ಓಣಿಗೊಂದು ಕನ್ನಡ ಶಾಲೆಯನ್ನು ಇಲ್ಲಿ ನಿರೀಕ್ಷಿಸಬಾರದು. ಕೃಷ್ಣೆಯ ಪ್ರವಾಹ 2005, 2019 ಮತ್ತು 2021ರಲ್ಲಿ ಸಾಂಗಲಿಯ ತಗ್ಗು ಬಡಾವಣೆಗಳನ್ನು ಮುಳುಗಿಸಿತ್ತು. ನದಿಯ ಕಡೆ ಬಾಡಿಗೆ ಕಡಿಮೆಯೆಂದು ಒಪ್ಪುವ ಮೊದಲು, 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಯವರನ್ನು ಕೇಳಬೇಕು.

ಕೊಲ್ಲಾಪುರ ಮತ್ತು ಇಚಲಕರಂಜಿ. ಗಡಹಿಂಗ್ಲಜ, ಚಂದಗಡ ಕಡೆಯವರಿಗೆ ಕೊಲ್ಲಾಪುರ ಜಿಲ್ಲಾ ಕೇಂದ್ರ. 1962ರಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯವೂ ಇಲ್ಲಿದೆ. ಇಚಲಕರಂಜಿ ವಿದ್ಯುತ್‌ಮಗ್ಗಗಳ ಊರು, 2022ರಲ್ಲಿ ಮಹಾನಗರಪಾಲಿಕೆಯಾಯಿತು. ಗಡಿಗೆ ಹತ್ತಿರವಾದುದರಿಂದ ನೇಕಾರರ ನಡುವೆ ಕನ್ನಡ ಮಾತು ಸಾಮಾನ್ಯ. ಇಲ್ಲಿ ಪಾಲಕರು ಎಚ್ಚರವಹಿಸಬೇಕಾದ ಅಂಶವೊಂದಿದೆ. ಕನ್ನಡ ಮಾತು ಕೇಳಿಬರುವಲ್ಲೆಲ್ಲ ಕನ್ನಡ ಮಾಧ್ಯಮದ ತರಗತಿ ಇರುತ್ತದೆಂದು ತಿಳಿಯಬಾರದು. ನೆರೆಯವರು ಕನ್ನಡಿಗರೆಂಬ ನೆಮ್ಮದಿಯಲ್ಲಿ ಶಾಲೆಯ ವಿಚಾರಣೆ ಹಿಂದೆ ಬೀಳುವ ಅಪಾಯವಿದೆ.

ಪುಣೆ. ನಮ್ಮ ತರುಣರನ್ನು ಹೆಚ್ಚು ಸೆಳೆಯುತ್ತಿರುವ ನಗರ. ಚಾಕಣ, ರಾಂಜಣಗಾಂವ, ಪಿಂಪ್ರಿ ಚಿಂಚವಡ, ಹಡಪಸರ ಮುಂತಾದ ಕಡೆ ಕೆಲಸಗಳಿವೆ. ಆದರೆ ಕೆಲಸ ಒಂದು ದಿಕ್ಕಿಗೂ ಕನ್ನಡ ಇನ್ನೊಂದು ದಿಕ್ಕಿಗೂ ಇರುವುದು ಪುಣೆಯ ತೊಡಕು. ಕನ್ನಡ ಸಂಘದ ಶಿಕ್ಷಣ ಸಂಸ್ಥೆಗಳು ನಗರದೊಳಗೆ ಎರಂಡವಣೆಯ ಭಾಗದಲ್ಲಿವೆ. ಚಾಕಣ ಅಲ್ಲಿಂದ 30 ಕಿ.ಮೀ.ಗೂ ಹೆಚ್ಚು, ರಾಂಜಣಗಾಂವ ಇನ್ನೂ ದೂರ. ಸಂಘವು ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನೂ ನಡೆಸುವುದರಿಂದ, ವಿಚಾರಿಸುವಾಗ ಕನ್ನಡ ಮಾಧ್ಯಮದ ವಿಭಾಗವನ್ನೇ ಹೆಸರಿಸಿ ಕೇಳಬೇಕು. ಕಾರ್ಖಾನೆಯ ಬಸ್ಸು ನಗರದ ಯಾವ ಭಾಗದಿಂದ ಹೊರಡುತ್ತದೆಂಬುದು ಇಲ್ಲಿ ಸಂಬಳದಷ್ಟೇ ಮುಖ್ಯ ಪ್ರಶ್ನೆ.

ಮುಂಬಯಿ. ಬೃಹನ್ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ವಡಾಳದ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿಯಂಥ ಹಳೆಯ ಸಂಸ್ಥೆಗಳಿವೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಮಾತುಂಗದ ಮೈಸೂರು ಅಸೋಸಿಯೇಶನ್, ಮಾಹಿಮದ ಕರ್ನಾಟಕ ಸಂಘ ಸಾಂಸ್ಕೃತಿಕ ನೆಲೆಗಳಾಗಿವೆ. ಆದರೂ ಕನ್ನಡ ಮಾಧ್ಯಮದ ತರಗತಿಗಳು ಈ ನಗರದಲ್ಲಿ ದಶಕಗಳಿಂದ ಕುಗ್ಗುತ್ತ ಬಂದಿವೆ. ಕನ್ನಡ ಶಾಲೆಯೆಂದು ಆರಂಭವಾದ ಎಷ್ಟೋ ಕಡೆ ಇಂದು ಇಂಗ್ಲಿಷ್ ವಿಭಾಗವೇ ದೊಡ್ಡದು. ಬಾಡಿಗೆಯ ಭಾರದಿಂದ ಮನೆ ಕಲ್ಯಾಣ, ವಸಯಿಯ ಕಡೆಗೆ ಸರಿದರೆ ನಗರದ ಶಾಲೆ ಮಗುವಿನ ಕೈಗೆಟುಕುವುದಿಲ್ಲ. ಒಂದನೆಯ ತರಗತಿಯ ಮಗುವನ್ನು ಲೋಕಲ್ ರೈಲಿನಲ್ಲಿ ದಿನವೂ ಕಳುಹಿಸುವುದಾಗದು.

ಒಂದು ಉದಾಹರಣೆ

ಉಮದಿಯ ಕಡೆಯ ಒಂದು ಕುಟುಂಬವನ್ನು ಊಹಿಸೋಣ. ಮಗಳು ಜೂನ್‌ನಲ್ಲಿ 9ಕ್ಕೆ, ಮಗ 4ಕ್ಕೆ. ತಂದೆಗೆ ಚಾಕಣದಲ್ಲಿ ಹೆಚ್ಚಿನ ಸಂಬಳದ ಕೆಲಸ, ಸೊಲ್ಲಾಪುರದಲ್ಲಿ ಕಡಿಮೆ ಸಂಬಳದ ಕೆಲಸ ದೊರೆತಿದೆ. ಎಲ್ಲರೂ ಚಾಕಣಕ್ಕೆ ಹೋದರೆ ಮಗಳು ಅತ್ಯಂತ ಕಷ್ಟದ ವರ್ಷದಲ್ಲಿ ಮಾಧ್ಯಮ ಬದಲಿಸಬೇಕಾಗುತ್ತದೆ. ಸೊಲ್ಲಾಪುರಕ್ಕೆ ಹೋದರೆ ಇಬ್ಬರ ಓದೂ ಮುಂದುವರಿಯಬಹುದು. ಸಂಬಳದ ವ್ಯತ್ಯಾಸದಲ್ಲಿ ಒಂದು ಪಾಲು ಪುಣೆಯ ಬಾಡಿಗೆಗೂ ಖಾಸಗಿ ಶಾಲೆಯ ಶುಲ್ಕಕ್ಕೂ ಹೋಗುತ್ತಿತ್ತೆಂಬುದನ್ನು ಕಳೆದು ನೋಡಬೇಕು. ಮೂರನೆಯ ದಾರಿಯೂ ಇದೆ: ಮಗಳು 10 ಮುಗಿಸುವವರೆಗೆ ಎರಡು ವರ್ಷ ತಂದೆಯೊಬ್ಬರೇ ಚಾಕಣದಲ್ಲಿದ್ದು, ತಾಯಿ ಮಕ್ಕಳು ಊರಲ್ಲಿ ಉಳಿಯುವುದು. ಅದರ ಹೊರೆ ತಾಯಿಯ ಮೇಲೆ ಬೀಳುವುದರಿಂದ ಈ ನಿರ್ಧಾರದಲ್ಲಿ ಆಕೆಯ ಮಾತು ಮೊದಲು ನಡೆಯಬೇಕು. ಇದೇ ಕುಟುಂಬದ ಮಗಳು 10 ಮುಗಿಸಿದ್ದರೆ ನಮ್ಮ ಸಲಹೆಯೇ ಬೇರೆಯಾಗುತ್ತಿತ್ತು.

ಶಾಲೆಗೆ ಹೋಗಿ ಕೇಳಬೇಕಾದುದು

ದೂರವಾಣಿಯಲ್ಲಿ ಕೇಳಿ ಸುಮ್ಮನಾಗಬಾರದು. ಶಾಲೆ ನಡೆಯುತ್ತಿರುವ ದಿನ, ಅಂದರೆ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಒಮ್ಮೆ ಹೋಗಿ ಈ ಆರು ಪ್ರಶ್ನೆಗಳನ್ನು ಕೇಳಬೇಕು.

1. ನಮ್ಮ ಮಗು ಸೇರುವ ತರಗತಿಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ? ಮುಂದಿನ ವರ್ಷ ಆ ತರಗತಿ ನಡೆಯುತ್ತದೆಯೇ?
2. ಕನ್ನಡ ಮಾಧ್ಯಮ 10ರವರೆಗೆ ಇದೆಯೇ? ಇಲ್ಲವಾದರೆ ಇಲ್ಲಿಯ ಮಕ್ಕಳು ಮುಂದೆ ಯಾವ ಶಾಲೆಗೆ ಹೋಗುತ್ತಿದ್ದಾರೆ?
3. ಗಣಿತ, ವಿಜ್ಞಾನ ಕಲಿಸುವ ಶಿಕ್ಷಕರು ಕನ್ನಡದಲ್ಲಿ ಕಲಿಸುತ್ತಾರೆಯೇ? ಅವರ ಹುದ್ದೆ ಭರ್ತಿಯಾಗಿದೆಯೇ?
4. ಸೆಮಿ ಇಂಗ್ಲಿಷ್ ಪದ್ಧತಿ ಇದೆಯೇ? ಇದ್ದರೆ ಯಾವ ತರಗತಿಯಿಂದ?
5. ಕನ್ನಡ ಪಠ್ಯಪುಸ್ತಕಗಳು ಶಾಲೆ ತೆರೆಯುವ ವೇಳೆಗೆ ತಲುಪುತ್ತವೆಯೇ?
6. ಸರಕಾರಿ ದಾಖಲೆಯಲ್ಲಿ ಶಾಲೆಯ ಮಾಧ್ಯಮ ಕನ್ನಡವೆಂದೇ ನಮೂದಾಗಿದೆಯೇ?

ಫಲಕದಲ್ಲಿ ಕನ್ನಡದ ಹೆಸರಿದ್ದ ಮಾತ್ರಕ್ಕೆ ಒಳಗೆ ಕನ್ನಡ ಮಾಧ್ಯಮವಿರಬೇಕೆಂದಿಲ್ಲವಾದುದರಿಂದ ಕೊನೆಯ ಪ್ರಶ್ನೆಯನ್ನು ಬಿಡಬಾರದು.

ಕಾಗದಪತ್ರಗಳು ಮತ್ತು ಹಕ್ಕುಗಳು

ಶಾಲೆ ಬಿಟ್ಟ ದಾಖಲೆಯಲ್ಲಿ ಮಗುವಿನ ಹೆಸರು, ಜನ್ಮದಿನಾಂಕ, ಜಾತಿ, ಮಾತೃಭಾಷೆಗಳನ್ನು ಕೂತು ಓದಿಯೇ ಪಡೆಯಬೇಕು. ಕನ್ನಡದ ಹೆಸರು ಮರಾಠಿಯ ಬರವಣಿಗೆಯಲ್ಲಿ ಒಂದು ರೀತಿ, ಆಧಾರ್ ಚೀಟಿಯಲ್ಲಿ ಇನ್ನೊಂದು ರೀತಿ ಇರುವುದು ನಮ್ಮಲ್ಲಿ ಸಾಮಾನ್ಯ. ಹಳೆಯ ಶಾಲೆಯಲ್ಲಿರುವಾಗಲೇ ತಿದ್ದಿಸುವುದು ಸುಲಭ. ಜೊತೆಗೆ ಅಂಕಪತ್ರಿಕೆಗಳು, ಮಗುವಿನ ವಿದ್ಯಾರ್ಥಿ ಸಂಖ್ಯೆ ಹಾಗೂ ಜಾತಿ ಪ್ರಮಾಣಪತ್ರವನ್ನು ಇಟ್ಟುಕೊಳ್ಳಬೇಕು. ಮನೆಯ ಕರಾರು ನೋಂದಣಿಯಾಗಿರಬೇಕೆಂದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಹೇಳುತ್ತದೆ. ವಿಳಾಸದ ಪುರಾವೆಯಾಗಿ ಅದು ಮುಂದೆ ಉಪಯೋಗಕ್ಕೆ ಬರುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನ ಪ್ರಕಾರ, ಬೇರೆ ಶಾಲೆಗೆ ಹೋಗಬೇಕಾದ ಮಗುವಿಗೆ ಮುಖ್ಯಾಧ್ಯಾಪಕರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಆ ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಇದು 8ನೆಯ ತರಗತಿಯವರೆಗಿನ ಶಿಕ್ಷಣಕ್ಕೆ ಅನ್ವಯಿಸುತ್ತದೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ರಾಜ್ಯಕ್ಕೂ ಸ್ಥಳೀಯ ಸಂಸ್ಥೆಗಳಿಗೂ ವಿಧಿಸುತ್ತದೆ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ಒದಗಿಸಬೇಕೆಂಬ ಸೂತ್ರ 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನದಷ್ಟು ಹಳೆಯದು. ಒಂದೇ ಬಡಾವಣೆಗೆ ಹೋಗುತ್ತಿರುವ ಹತ್ತು ಮನೆಯವರು ಪ್ರತ್ಯೇಕವಾಗಿ ಅಲೆಯುವುದಕ್ಕಿಂತ ಮಕ್ಕಳ ಪಟ್ಟಿಯೊಡನೆ ಒಂದೇ ಲಿಖಿತ ಅರ್ಜಿಯನ್ನು ಮಹಾನಗರಪಾಲಿಕೆಯ ಶಿಕ್ಷಣ ವಿಭಾಗಕ್ಕೆ ಸಲ್ಲಿಸುವುದು ಲೇಸು.

ಕನ್ನಡ ಮಾಧ್ಯಮ ದೊರೆಯದಿದ್ದರೆ

ಕೆಲಸ ಬಿಡುವಂತಿಲ್ಲ, ಶಾಲೆ ಸಿಗುವಂತಿಲ್ಲ ಎಂಬ ಸ್ಥಿತಿಯೂ ಬರುತ್ತದೆ. ಆಗ ಪಾಲಕರು ತಪ್ಪಿತಸ್ಥ ಭಾವದಿಂದ ಕುಗ್ಗಬೇಕಾಗಿಲ್ಲ. ಮನೆಯಲ್ಲಿ ಆಗುವುದನ್ನು ನಿಯಮದಿಂದ ಮಾಡಬೇಕು. ಬಾಲಭಾರತಿಯ ಕನ್ನಡ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮಗು ಓದುತ್ತಿರುವ ತರಗತಿಯ ಕನ್ನಡ ಪುಸ್ತಕವನ್ನು ವಾರಕ್ಕೊಂದು ಪಾಠದಂತೆ ಓದಿಸಿ, ಊರಿನ ಅಜ್ಜನಿಗೆ ತಿಂಗಳಿಗೊಂದು ಪತ್ರ ಬರೆಸಿದರೆ ಓದುಬರಹ ಉಳಿಯುತ್ತದೆ. ಮಹಾರಾಷ್ಟ್ರದ ಶಿಕ್ಷಕ ಅರ್ಹತಾ ಪರೀಕ್ಷೆ ಕನ್ನಡ ಮಾಧ್ಯಮದಲ್ಲಿಯೂ ನಡೆಯುತ್ತದೆ. ಕನ್ನಡ ಶಾಲೆಗಳಿಗೆ ನಾಳೆ ಶಿಕ್ಷಕರಾಗಿ ಬರಬೇಕಾದವರು ನಮ್ಮ ಮಕ್ಕಳೇ ಎಂಬುದನ್ನೂ ಪಾಲಕರು ನೆನಪಿನಲ್ಲಿಡಬೇಕು.

ಬಿಟ್ಟುಹೋಗುವ ಶಾಲೆ

ಶಾಲೆಗಳ ಶಿಕ್ಷಕ ಹುದ್ದೆಗಳನ್ನು ನಿರ್ಧರಿಸುವ ಸಂಚ ಮಾನ್ಯತೆಗೆ ಸೆಪ್ಟೆಂಬರ್ 30ರ ವಿದ್ಯಾರ್ಥಿ ಸಂಖ್ಯೆಯನ್ನು ಆಧರಿಸಲಾಗುತ್ತದೆ. ಚಿಕ್ಕ ಹಳ್ಳಿಯ ಕನ್ನಡ ಶಾಲೆಯಿಂದ ಎರಡು ಮೂರು ಮಕ್ಕಳು ಹೋದರೆ ಅಲ್ಲಿ ಒಂದು ಹುದ್ದೆಯೇ ಹೋಗಬಹುದು. ಈ ಕಾರಣಕ್ಕೆ ಯಾರೂ ಊರಲ್ಲೇ ಕುಳಿತಿರಬೇಕೆಂದು ನಾವು ಹೇಳಲಾರೆವು, ಹೊಟ್ಟೆಪಾಡು ದೊಡ್ಡದು. ಹೋಗುವುದು ಖಚಿತವಾಗಿದ್ದರೆ ಮೇ ತಿಂಗಳಲ್ಲಿಯೇ ಮುಖ್ಯಾಧ್ಯಾಪಕರಿಗೆ ತಿಳಿಸಬೇಕು. ಹೊಸದಾಗಿ ಸೇರುವ ಮಕ್ಕಳನ್ನು ಹುಡುಕಲು ಅವರಿಗೆ ಆಗ ಸಮಯ ಸಿಗುತ್ತದೆ.

ಇದೇ ಲೆಕ್ಕ ತಲುಪುವ ಊರಿನಲ್ಲಿಯೂ ನಡೆಯುತ್ತದೆ. ಮಕ್ಕಳು ಕಡಿಮೆಯಾದ ನಗರದ ಕನ್ನಡ ತರಗತಿಗೆ ನಮ್ಮ ಇಬ್ಬರು ಮಕ್ಕಳು ಸೇರಿದರೆ ಆ ತರಗತಿ ಇನ್ನೊಂದು ವರ್ಷ ಉಳಿಯಬಹುದು. ಸೆಪ್ಟೆಂಬರ್ 30ರೊಳಗೆ ಮಗುವಿನ ಹೆಸರು ಹೊಸ ಶಾಲೆಯ ದಾಖಲೆಗೆ ಆಧಾರ್ ಸಹಿತ ಏರಿದೆಯೇ ಎಂದು ಪಾಲಕರು ಖುದ್ದಾಗಿ ನೋಡಿಕೊಳ್ಳಬೇಕು.